ನೋಟೀಸಿಗೆ ಮುಂಚೆ ವಿಚಾರಿಸಿ

2025ರ ಜುಲೈ ತಿಂಗಳು. ಚಂದ್ರಾ ಲೇಔಟಿನ 80 ಅಡಿ ರಸ್ತೆಯಿಂದ ಒಳಗೆ ತಿರುಗುವ ಕಡೆ ಇರುವ ಒಂದು ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಟೀ ಕುಡಿದು, ಅಭ್ಯಾಸಬಲದಿಂದ ಮೊಬೈಲು ತೆಗೆದೆ. ಬಿಸ್ಕತ್ತಿನ ಡಬ್ಬಿಗಳ ಮುಂದೆ ಅಂಟಿಸಿದ್ದ ಕ್ಯೂಆರ್ ಕೋಡ್ ಇರಲಿಲ್ಲ. ಅದನ್ನು ಕಿತ್ತ ಜಾಗದಲ್ಲಿ ಗೋಂದಿನ ಕಲೆ ಮಾತ್ರ ಉಳಿದಿತ್ತು.

‘ಕ್ಯಾಶ್ ಕೊಡಿ ಸಾರ್. ಸ್ಕ್ಯಾನರ್ ತೆಗೆದ್ಬಿಟ್ಟಿದೀವಿ.’

‘ನಿಮಗೂ ನೋಟೀಸು ಬಂತಾ ಅಣ್ಣ?’

‘ಇಲ್ಲ ಸಾರ್. ಬರೋಕ್ ಮುಂಚೆ ತೆಗೆದ್ವಿ.’

ಜೇಬಿನಲ್ಲಿ ಚಿಲ್ಲರೆ ಇರಲಿಲ್ಲ. ‘ನಾಳೆ ಕೊಡಿ ಬಿಡಿ’ ಎಂದರು. ಹಾಸನದ ಕಡೆಯಿಂದ ಬಂದು ಹದಿನೈದು ವರ್ಷದಿಂದ ಅಂಗಡಿ ಇಟ್ಟಿರುವ ಮನುಷ್ಯ. ಬೆಳಿಗ್ಗೆ ಐದಕ್ಕೆ ಹಾಲಿನ ಕ್ರೇಟು ಇಳಿಸಿಕೊಂಡರೆ ರಾತ್ರಿ ಹತ್ತರ ತನಕ ಗಲ್ಲದ ಮುಂದೆ ನಿಂತಿರುತ್ತಾರೆ. ನಾನು ಹೊರಡುವಾಗ ಒಂದು ಮಾತು ಕೇಳಿದರು. ‘ಅಲ್ಲಾ ಸಾರ್, ವರ್ಷಕ್ಕೆ ನಲವತ್ತು ಲಕ್ಷ, ಇಪ್ಪತ್ತು ಲಕ್ಷ ಅಂತಾರಲ್ಲ, ಅದನ್ನ ತೀರ್ಮಾನ ಮಾಡೋವಾಗ ನಮ್ಮಂಥೋರನ್ನ ಯಾರಾದ್ರೂ ವಿಚಾರಿಸಿದ್ರಾ?’

ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಗಲಾಟೆ ಈಗ ತಣ್ಣಗಾಗಿದೆ, ಪತ್ರಿಕೆಗಳು ಬೇರೆ ಸುದ್ದಿಗೆ ಹೋಗಿವೆ. ಅವರ ಪ್ರಶ್ನೆ ಮಾತ್ರ ಹಾಗೇ ನಿಂತಿದೆ. ಅದಕ್ಕೆ ಸಿಗುವ ಪ್ರಾಮಾಣಿಕ ಉತ್ತರ ಒಂದೇ: ಇಲ್ಲ, ಯಾರೂ ವಿಚಾರಿಸಲಿಲ್ಲ. ಇದು ತಪ್ಪು, ಸರಿಪಡಿಸಬಹುದಾದ ತಪ್ಪು ಎಂದು ವಾದಿಸುವುದಕ್ಕೇ ಈ ಬರಹ.

ಆಗಿದ್ದೇನೆಂದು ಮರೆತವರಿಗೆ ನೆನಪಿಸುತ್ತೇನೆ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ವಹಿವಾಟಿನ ಮಾಹಿತಿ ತರಿಸಿಕೊಂಡಿತು. ಜಿಎಸ್‌ಟಿ ನೋಂದಣಿ ಇಲ್ಲದಿದ್ದರೂ ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಹೆಚ್ಚು ಹಣ ಬಂದಿರುವ ಖಾತೆಗಳನ್ನು ಹುಡುಕಿ ನೋಟೀಸು ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ, ಹಾಲಿನ ಅಂಗಡಿ, ತರಕಾರಿ ಅಂಗಡಿ, ಎಲ್ಲರಿಗೂ. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೊಟ್ಟ ಲೆಕ್ಕದ ಪ್ರಕಾರ ಸುಮಾರು 9 ಸಾವಿರ ವ್ಯಾಪಾರಿಗಳಿಗೆ 18 ಸಾವಿರ ನೋಟೀಸು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ರೂಪಾಯಿ ತೆರಿಗೆಯ ನೋಟೀಸು ಬಂದ ಸುದ್ದಿ ದೇಶವೆಲ್ಲ ಹರಡಿತು. ಬೆಂಗಳೂರಿನ ಗಲ್ಲಿಗಳಲ್ಲಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂದು ಕೈಬರಹದ ಚೀಟಿಗಳು ತೂಗಿದವು. ಜುಲೈ 25ಕ್ಕೆ ಬಂದ್ ಎಂದು ವ್ಯಾಪಾರಿಗಳು ಸಾರಿದರು. 23ರಂದು ಮುಖ್ಯಮಂತ್ರಿ ಅವರನ್ನು ಕರೆಸಿ ಮಾತಾಡಿದರು. ತೆರಿಗೆ ವಿನಾಯಿತಿ ಇರುವ ಪದಾರ್ಥ ಮಾರುವವರಿಂದ ವಸೂಲಿ ಇಲ್ಲ, ಉಳಿದವರು ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲ ಎಂದು ಭರವಸೆ ಕೊಟ್ಟರು. ಬಂದ್ ಕರೆ ಹಿಂದಕ್ಕೆ ಹೋಯಿತು.

ಇಲಾಖೆಯ ಪರವಾಗಿ ಒಂದು ಮಾತು ಹೇಳಬೇಕು. ನೋಟೀಸು ಎಂದರೆ ಅಂತಿಮ ಆದೇಶವಲ್ಲ, ವಿವರಣೆ ಕೇಳುವ ಪತ್ರ, ಉತ್ತರ ಕೊಟ್ಟರೆ ವಿಚಾರಣೆ ಮಾಡುತ್ತೇವೆ ಎಂದು ಅದು ಹೇಳಿತು. ಕಾನೂನಿನ ಪ್ರಕಾರ ಅದು ಸರಿ. ಆದರೆ ‘ವಿಚಾರಣೆ’ ಎಂಬ ಪದವನ್ನು ಸ್ವಲ್ಪ ನಿಂತು ನೋಡಿ. ಮನೆಗೆ ಬಂದ ನೆಂಟರನ್ನು ನಾವು ವಿಚಾರಿಸಿಕೊಳ್ಳುತ್ತೇವೆ. ಆಸ್ಪತ್ರೆಯಲ್ಲಿ ಮಲಗಿದವರ ಯೋಗಕ್ಷೇಮ ವಿಚಾರಿಸುತ್ತೇವೆ. ಜಗಳದಲ್ಲಿ ‘ನಿನ್ನ ಆಮೇಲೆ ವಿಚಾರಿಸ್ಕೋತೀನಿ’ ಎನ್ನುವುದೂ ಅದೇ ಪದವೇ. ಶಾಸನ ಮಾಡುವ ಮುನ್ನ ಬಾಧಿತರನ್ನು ಕರೆದು ಕೇಳುವುದು ಮೊದಲನೆಯ ಅರ್ಥದ ವಿಚಾರಣೆ. ನೋಟೀಸು ಕಳಿಸಿ ಕಚೇರಿಗೆ ಬಾ ಎನ್ನುವುದು ಕೊನೆಯ ಅರ್ಥದ್ದು. ಚಿಕ್ಕ ಅಂಗಡಿಯವರ ಪಾಲಿಗೆ ಸರ್ಕಾರದಿಂದ ಬರುವುದು ಯಾವಾಗಲೂ ಈ ಕೊನೆಯದೇ.

ಮೊದಲೇ ವಿಚಾರಿಸಿದ್ದರೆ ಏನು ಗೊತ್ತಾಗುತ್ತಿತ್ತು? ಲೆಕ್ಕ ಹಾಕೋಣ, ಕಷ್ಟದ ಲೆಕ್ಕವೇನಲ್ಲ.

ಸರಕು ಮಾರುವವರಿಗೆ ನೋಂದಣಿಯ ಗಡಿ ವರ್ಷಕ್ಕೆ 40 ಲಕ್ಷ. ದಿನಕ್ಕೆ ಹಂಚಿದರೆ ಸುಮಾರು 10,960 ರೂಪಾಯಿ. ಸೇವೆ ಕೊಡುವವರಿಗೆ 20 ಲಕ್ಷ, ದಿನಕ್ಕೆ 5,480 ರೂಪಾಯಿ. ಹೋಟೆಲಿನಲ್ಲಿ ತಿಂಡಿ, ಟೀ ಕೊಡುವುದನ್ನು ಕಾನೂನು ಸೇವೆ ಎಂದೇ ನೋಡುತ್ತದೆ. ಹದಿನೈದು ರೂಪಾಯಿಯ ಟೀ ಆದರೆ ದಿನಕ್ಕೆ 365 ಲೋಟ. ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದ ಹತ್ತಿರ, ನಾಲ್ಕು ಪಿಜಿಗಳ ನಡುವೆ ಇರುವ ಟೀ ಅಂಗಡಿಗೆ ಇದೇನೂ ದೊಡ್ಡ ಸಂಖ್ಯೆಯಲ್ಲ. ಅದರಲ್ಲಿ ಹಾಲು, ಸಕ್ಕರೆ, ಗ್ಯಾಸು, ಬಾಡಿಗೆ, ಹುಡುಗರ ಸಂಬಳ ಕಳೆದರೆ ಉಳಿಯುವುದೆಷ್ಟು ಎಂಬುದು ಬೇರೆ ಮಾತು. ಕಾನೂನು ನೋಡುವುದು ಗಲ್ಲಕ್ಕೆ ಬಂದದ್ದನ್ನು. ಸಂಜೆ ಜೇಬಿನಲ್ಲಿ ಉಳಿದದ್ದನ್ನಲ್ಲ.

ಹಾಲಿನ ಅಂಗಡಿ ಇನ್ನೂ ವಿಚಿತ್ರ. 2025ರ ಏಪ್ರಿಲಿನಿಂದ ನಂದಿನಿಯ ನೀಲಿ ಪ್ಯಾಕೆಟ್ ಲೀಟರಿಗೆ 46 ರೂಪಾಯಿ. ದಿನಕ್ಕೆ 200 ಲೀಟರು ಮಾರಿದರೆ ವರ್ಷಕ್ಕೆ 33 ಲಕ್ಷ ದಾಟುತ್ತದೆ. ಹಾಲಿಗೆ ತೆರಿಗೆಯೇ ಇಲ್ಲ. ಹಾಲು ಮಾತ್ರ ಮಾರುವವರು ನೋಂದಣಿಯನ್ನೂ ಮಾಡಿಸಬೇಕಿಲ್ಲ. ಆದರೆ ಪಕ್ಕದಲ್ಲಿ ಬಿಸ್ಕತ್ತು, ಚಿಪ್ಸು, ಸೋಪು ಇಟ್ಟುಕೊಂಡರೆ ಕಾನೂನಿನ ‘ಒಟ್ಟು ವಹಿವಾಟು’ ಎಂಬ ವ್ಯಾಖ್ಯೆ ಜಾಗೃತವಾಗುತ್ತದೆ. ಆ ವ್ಯಾಖ್ಯೆಯಲ್ಲಿ ತೆರಿಗೆ ಇಲ್ಲದ ಪದಾರ್ಥಗಳ ಮಾರಾಟವೂ ಸೇರುತ್ತದೆ. ಅಂದರೆ ತೆರಿಗೆ ಇಲ್ಲದ ಹಾಲಿನ ಮಾರಾಟವೇ ಅವರನ್ನು ಗಡಿಯ ಹತ್ತಿರ ತಂದು ನಿಲ್ಲಿಸುತ್ತದೆ, ಬಿಸ್ಕತ್ತು ಅವರನ್ನು ದಾಟಿಸುತ್ತದೆ. ಲೀಟರಿನ ಮೇಲೆ ಚಿಲ್ಲರೆ ಕಾಸು ನೋಡುವ ಮನುಷ್ಯ ಕಾಗದದ ಮೇಲೆ ಲಕ್ಷಾಂತರದ ವ್ಯಾಪಾರಿಯಾಗುತ್ತಾನೆ.

ಇನ್ನು ಹಳೆಯ ಬಾಕಿಯ ವಿಷಯ. 1.63 ಕೋಟಿಗೆ 29 ಲಕ್ಷ ಎಂದರೆ ನೂರಕ್ಕೆ ಹದಿನೆಂಟರ ಹತ್ತಿರ. ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 41 ಲಕ್ಷದಷ್ಟು, ಗಡಿಯನ್ನು ಕೂದಲೆಳೆಯಲ್ಲಿ ದಾಟಿದ್ದು. ಇದೇ ವ್ಯಾಪಾರಿ ಮೊದಲೇ ನೋಂದಣಿ ಮಾಡಿಸಿ ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಪದ್ಧತಿಗೆ ಸೇರಿದ್ದರೆ, ಒಂದೂವರೆ ಕೋಟಿ ವಹಿವಾಟಿನ ತನಕ ನೂರಕ್ಕೆ ಒಂದು ರೂಪಾಯಿ ಕಟ್ಟಿ ಮುಗಿಸಬಹುದಿತ್ತು, ಅದೂ ತೆರಿಗೆಯಿರುವ ಸರಕಿನ ಮೇಲೆ ಮಾತ್ರ. ನೋಂದಣಿ ಇಲ್ಲದವರಿಗೆ ಹಿಂದಿನ ವರ್ಷಗಳಿಗೆ ಆ ಬಾಗಿಲು ತೆರೆಯುವುದಿಲ್ಲ. ನೂರು ರೂಪಾಯಿಯ ಸೋಪಿನಲ್ಲಿ ತಯಾರಕರಿಂದ ವಿತರಕರ ತನಕ ತೆರಿಗೆ ಆಗಲೇ ಸರ್ಕಾರಕ್ಕೆ ಸೇರಿರುತ್ತದೆ. ಅಂಗಡಿಯವರು ನಿಜವಾಗಿ ಕೊಡಬೇಕಾದ್ದು ತಮಗೆ ಉಳಿದ ಎರಡೋ ಮೂರೋ ರೂಪಾಯಿಯ ಮೇಲಿನ ತೆರಿಗೆ. ಆದರೆ ನೋಂದಣಿ ಇಲ್ಲದಿದ್ದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಳೆದುಕೊಳ್ಳುವ ಅವಕಾಶವಿಲ್ಲ. ಇಡೀ ನೂರರ ಮೇಲೆ ಇನ್ನೊಮ್ಮೆ ಲೆಕ್ಕ. ಒಂದೇ ಸೋಪಿಗೆ ಎರಡು ಸಲ ತೆರಿಗೆ.

ಅದರ ಮೇಲೆ ಯುಪಿಐ. ಅದೇ ನಂಬರಿಗೆ ಊರಿಂದ ತಮ್ಮ ಕಳಿಸಿದ ಸಾಲ, ಚೀಟಿ ಎತ್ತಿದ ದುಡ್ಡು, ಪಕ್ಕದ ಅಂಗಡಿಯವರು ಚಿಲ್ಲರೆಗಾಗಿ ಕಳಿಸಿದ್ದು, ಎಲ್ಲ ಬಂದು ಬೀಳುತ್ತದೆ. ಇದೆಲ್ಲ ವ್ಯಾಪಾರವಲ್ಲ ಎಂದು ನಾಲ್ಕು ವರ್ಷದ ಹಿಂದಿನ ಸಾವಿರಾರು ಸಾಲುಗಳನ್ನು ಹಿಡಿದು ತೋರಿಸಬೇಕಾದ ಹೊಣೆ ಅಂಗಡಿಯವರದು. 2016ರ ನವೆಂಬರಿನಲ್ಲಿ ನೋಟು ರದ್ದಾದಾಗ ಇದೇ ಜನರಿಗೆ ಡಿಜಿಟಲ್ ಆಗಿ, ದೇಶ ಕಟ್ಟಿ ಎಂದು ಹೇಳಿದ್ದೆವು. ಅವರು ಹೇಳಿದಂತೆ ಕೇಳಿದರು. ಆ ವಿಧೇಯತೆಯ ದಾಖಲೆಯೇ ಈಗ ಅವರ ವಿರುದ್ಧದ ಸಾಕ್ಷಿ.

ಇವೆಲ್ಲ ಗುಟ್ಟಿನ ವಿಷಯಗಳಲ್ಲ. ಮೂಡಲಪಾಳ್ಯದ ಯಾವ ಅಂಗಡಿಯವರನ್ನು ಕರೆದು ಕೂರಿಸಿ ಕೇಳಿದ್ದರೂ ಅರ್ಧ ಗಂಟೆಯಲ್ಲಿ ಹೇಳುತ್ತಿದ್ದರು. ಕೇಳಲಿಲ್ಲ, ಅಷ್ಟೇ.

ಕೇಳಬೇಕಾದ್ದು ಎಲ್ಲಿ? ಕೇಂದ್ರ ಜಿಎಸ್‌ಟಿ ಮಸೂದೆ ಲೋಕಸಭೆಯಲ್ಲಿ ಮಂಡನೆಯಾದದ್ದು 2017ರ ಮಾರ್ಚ್ 27ರಂದು, ಅಂಗೀಕಾರವಾದದ್ದು ಮಾರ್ಚ್ 29ರಂದು. ನಡುವೆ ಒಂದು ದಿನ. ಹಣಕಾಸು ಮಸೂದೆ ಎಂದು ತಂದದ್ದರಿಂದ ರಾಜ್ಯಸಭೆ ಸಲಹೆ ಕೊಡಬಹುದಿತ್ತೇ ಹೊರತು ತಿದ್ದುವ ಅಧಿಕಾರವಿರಲಿಲ್ಲ. ಯಾವ ಸಂಸದೀಯ ಸಮಿತಿಗೂ ಆ ಮಸೂದೆ ಹೋಗಲಿಲ್ಲ. ಹಿಂದಿನ ವರ್ಷ ಮಾದರಿ ಕರಡನ್ನು ಜಾಲತಾಣದಲ್ಲಿ ಹಾಕಿದ್ದರು ಎನ್ನಬಹುದು. ನಿಜ. ನೂರಕ್ಕೂ ಹೆಚ್ಚು ಪುಟದ ಕಾನೂನಿನ ಇಂಗ್ಲಿಷನ್ನು ಚಾರ್ಟರ್ಡ್ ಅಕೌಂಟೆಂಟುಗಳು ಓದಿದರು, ದೊಡ್ಡ ಕಂಪನಿಗಳು ಓದಿಸಿದವು. ಬೆಳಿಗ್ಗೆ ಐದಕ್ಕೆ ಕ್ರೇಟು ಇಳಿಸುವವರು ಓದಿ ಅಭಿಪ್ರಾಯ ಕಳಿಸಲಿ ಎಂದು ಯಾರೂ ನಿಜವಾಗಿ ನಿರೀಕ್ಷಿಸಿರಲಿಲ್ಲ. ಅದೇ ವರ್ಷ ಜೂನಿನಲ್ಲಿ ನಮ್ಮ ವಿಧಾನಮಂಡಲ ರಾಜ್ಯದ ಜಿಎಸ್‌ಟಿ ಕಾನೂನನ್ನು ಒಪ್ಪಿತು. ಜುಲೈ 1ಕ್ಕೆ ಜಾರಿ.

ಆಮೇಲೆ ಎಲ್ಲ ನಿರ್ಧಾರ ಜಿಎಸ್‌ಟಿ ಮಂಡಳಿಯದು. 40 ಲಕ್ಷದ ಗಡಿಯನ್ನು ಅದು ನಿರ್ಧರಿಸಿದ್ದು 2019ರ ಜನವರಿಯ ಸಭೆಯಲ್ಲಿ. ಕೇಂದ್ರಕ್ಕೆ ಮತದ ಮೂರನೇ ಒಂದು ಪಾಲು, ರಾಜ್ಯಗಳಿಗೆಲ್ಲ ಸೇರಿ ಉಳಿದ ಎರಡು ಪಾಲು, ನಿರ್ಣಯಕ್ಕೆ ನಾಲ್ಕರಲ್ಲಿ ಮೂರು ಪಾಲು ಮತ ಬೇಕು. ಮಂತ್ರಿಗಳು ಸೇರುತ್ತಾರೆ, ತೀರ್ಮಾನವಾಗುತ್ತದೆ, ನಾವು ಸಂಜೆ ಟಿವಿಯಲ್ಲಿ ನೋಡುತ್ತೇವೆ. ಅಲ್ಲಿ ಸಾರ್ವಜನಿಕರ ಅಹವಾಲಿಗೆ ಕುರ್ಚಿಯಿಲ್ಲ. ಹೀಗಾಗಿ ಜುಲೈನಲ್ಲಿ ನಡೆದ ನಾಟಕ ಅನಿವಾರ್ಯವಾಗಿತ್ತು. ರಾಜ್ಯದವರು ಇದು ಕೇಂದ್ರದ ಕಾನೂನು ಎಂದರು. ಕೇಂದ್ರ ಸಚಿವ ಪ್ರಲ್ಹಾದ ಜೋಶಿಯವರು ನೋಟೀಸು ಕೊಟ್ಟದ್ದು ರಾಜ್ಯದ ಇಲಾಖೆ ಎಂದರು. ಇಬ್ಬರ ಮಾತೂ ನಿಜ. ಇಬ್ಬರೂ ಸೇರಿ ಮಾಡಿದ ಕಾನೂನಿಗೆ ಇಬ್ಬರೂ ಸೇರಿ ಜನರನ್ನು ಕೇಳಿರಲಿಲ್ಲ ಎಂಬುದು ಇನ್ನೂ ಹೆಚ್ಚು ನಿಜ.

ಸರ್ಕಾರಕ್ಕೆ ಕಿವಿಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಚೆನ್ನಾಗಿಯೇ ಕೇಳಿಸುತ್ತದೆ, ದನಿ ಯಾವ ಕಡೆಯಿಂದ ಬರುತ್ತದೆ ಎಂಬುದು ಮುಖ್ಯ. 2024ರ ಜುಲೈ 15ರಂದು ರಾಜ್ಯ ಸಚಿವ ಸಂಪುಟ ಖಾಸಗಿ ವಲಯದಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 75. ಉದ್ಯಮಿಗಳು ಸಾಮಾಜಿಕ ಜಾಲತಾಣದಲ್ಲಿ ಸಿಟ್ಟಾದರು, ನಾಸ್ಕಾಂ ಹೇಳಿಕೆ ಹೊರಡಿಸಿತು. ಜುಲೈ 17ಕ್ಕೆ ಮಸೂದೆಗೆ ತಡೆ. ಆ ಮಸೂದೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಇಲ್ಲಿ ಬೇಡ. ವೇಗವನ್ನು ಮಾತ್ರ ನೋಡಿ. ಎರಡು ದಿನ. ಕಂಪನಿಗಳು ಷಟರ್ ಎಳೆಯಬೇಕಾಗಲಿಲ್ಲ, ಬಂದ್ ಕರೆಯಬೇಕಾಗಲಿಲ್ಲ, ಕಪ್ಪು ಪಟ್ಟಿ ಕಟ್ಟಬೇಕಾಗಲಿಲ್ಲ. ಮಸೂದೆ ಸದನಕ್ಕೆ ಹೋಗುವ ಮೊದಲೇ ಅವರ ಮಾತು ತಲುಪಿತು. ಕಾಂಡಿಮೆಂಟ್ಸ್ ಅಂಗಡಿಯವರ ಮಾತು ತಲುಪಿದ್ದು ಕಾನೂನು ಬಂದು ಎಂಟು ವರ್ಷವಾದ ಮೇಲೆ, ಅದೂ ಬಂದ್ ಬೆದರಿಕೆಯ ಮೂಲಕ.

ಸಂಘಟನೆ ಮಾಡಿಕೊಳ್ಳಲಿ ಎನ್ನುತ್ತೀರಾ? ಚಂದ್ರಾ ಲೇಔಟಿಗೆ ಹತ್ತಿರದಲ್ಲೇ, ವಿಜಯನಗರದಲ್ಲಿ ಕಾಸಿಯಾ ಕಚೇರಿ ಇದೆ, 1949ರಿಂದ ಇರುವ ಸಣ್ಣ ಕೈಗಾರಿಕೆಗಳ ಸಂಘ. ಬಜೆಟ್ಟಿಗೆ ಮುನ್ನ ಅದನ್ನು ಕರೆದು ಕೇಳುತ್ತಾರೆ. ವಿಶ್ವೇಶ್ವರಯ್ಯನವರು 1916ರಲ್ಲಿ ಆರಂಭಿಸಿದ ವಾಣಿಜ್ಯ ಸಂಸ್ಥೆ ಇಂದಿನ ಎಫ್‌ಕೆಸಿಸಿಐ, ಅದನ್ನೂ ಕರೆಯುತ್ತಾರೆ. ಒಳ್ಳೆಯದೇ. ಆದರೆ ಲೇತ್ ಮಷೀನಿಟ್ಟ ಕಾರ್ಖಾನೆಯ ಮಾಲೀಕರ ಕಷ್ಟವೇ ಬೇರೆ, ಬನ್ನು ಮಾರುವವರ ಕಷ್ಟವೇ ಬೇರೆ. ದಿನಕ್ಕೆ ಹದಿನೇಳು ಗಂಟೆ ಅಂಗಡಿಯಲ್ಲಿ ನಿಲ್ಲುವವರು ಸಂಘದ ಸಭೆಗೆ ಹೋಗಬೇಕಾದರೆ ಅಂಗಡಿ ಮುಚ್ಚಬೇಕು. ಮುಚ್ಚಿದರೆ ಆ ದಿನದ ಹಾಲು ಒಡೆಯುತ್ತದೆ. ಅವರು ಬರಲಾರರು ಎಂದ ಮೇಲೆ ಕೇಳುವವರೇ ಅವರ ಹತ್ತಿರ ಹೋಗಬೇಕು.

ಇದು ಹೊಸ ವಿಚಾರವೂ ಅಲ್ಲ, ಪರದೇಶದ ವಿಚಾರವೂ ಅಲ್ಲ. 1881ರಲ್ಲಿ, ರಾಜ್ಯ ಒಡೆಯರ ಕೈಗೆ ಮರಳಿದ ವರ್ಷವೇ, ದಿವಾನ ರಂಗಾಚಾರ್ಲು ಮೈಸೂರಿನ ದಸರಾ ಸಮಯದಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ಮೊದಲ ಸಭೆಯಲ್ಲಿ 144 ಮಂದಿ. ಕರೆದದ್ದು ರೈತರಲ್ಲಿ ಮುಖ್ಯರಾದವರನ್ನು, ವ್ಯಾಪಾರಸ್ಥರನ್ನು. ದಿವಾನರು ಆಡಳಿತದ ವರದಿ ಒಪ್ಪಿಸುವುದು, ತಾಲ್ಲೂಕುಗಳಿಂದ ಬಂದವರು ತಮ್ಮ ಕಷ್ಟ ಹೇಳುವುದು, ಇದೇ ಅದರ ಕ್ರಮ. 1923ರ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೊಸ ತೆರಿಗೆ ಹಾಕುವ ಮುನ್ನ ಈ ಸಭೆಯನ್ನು ಕೇಳಬೇಕು, ಮಸೂದೆಗಳನ್ನು ಶಾಸನ ಪರಿಷತ್ತಿಗೆ ತರುವ ಮುನ್ನ ಅವುಗಳ ಮೂಲ ತತ್ತ್ವದ ಬಗ್ಗೆ ಸಭೆಯ ಅಭಿಪ್ರಾಯ ಪಡೆಯಬೇಕು ಎಂದಾಯಿತು.

ಆ ಸಭೆಯನ್ನು ಹೊಗಳಿ ಅಟ್ಟಕ್ಕೇರಿಸುವುದು ನನ್ನ ಉದ್ದೇಶವಲ್ಲ. ಮತ ಹಾಕುವ ಹಕ್ಕಿದ್ದವರು ಆಸ್ತಿವಂತರು, ಬೆರಳೆಣಿಕೆಯಷ್ಟು ಜನ. ಸಭೆ ಹೇಳಿದ್ದನ್ನು ಸರ್ಕಾರ ಒಪ್ಪಲೇಬೇಕೆಂದೂ ಇರಲಿಲ್ಲ. ಆದರೂ ಮಹಾರಾಜರ ಸರ್ಕಾರ, ಓಟು ಕೇಳುವ ಅಗತ್ಯವೇ ಇಲ್ಲದ ಸರ್ಕಾರ, ತೆರಿಗೆಗೆ ಮುನ್ನ ಕೇಳಬೇಕು ಎಂಬುದನ್ನು ಕಾಯಿದೆಯಲ್ಲಿ ಬರೆದುಕೊಂಡಿತು. ಎಲ್ಲರಿಗೂ ಓಟಿರುವ ಪ್ರಜಾಪ್ರಭುತ್ವ ನೂರು ವರ್ಷದ ನಂತರ ಅಷ್ಟನ್ನೂ ಮಾಡುತ್ತಿಲ್ಲ ಎಂದರೆ, ನಾವು ಪಡೆದದ್ದರ ಜೊತೆಗೆ ಕಳೆದುಕೊಂಡದ್ದನ್ನೂ ಲೆಕ್ಕ ಹಾಕಬೇಡವೇ?

ಈ ವಾದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು: ‘ಸಂಬಳದವರು ತೆರಿಗೆ ಕಟ್ಟುವುದಿಲ್ಲವೇ? ಇವರಿಗೇಕೆ ವಿನಾಯಿತಿ?’ ಸರಿಯಾದ ಮಾತು. ಗಡಿ ದಾಟಿದವರು ತೆರಿಗೆ ಕೊಡಬೇಕು. ಜುಲೈನ ಗಲಾಟೆಯಲ್ಲಿ ನಿಜಕ್ಕೂ ದೊಡ್ಡ ವಹಿವಾಟು ಮುಚ್ಚಿಟ್ಟುಕೊಂಡಿದ್ದವರು ಸಣ್ಣವರ ಬೆನ್ನ ಹಿಂದೆ ಅಡಗಿದ್ದೂ ಉಂಟು. ಆದರೆ ಸಂಬಳದವರ ತೆರಿಗೆ ಕೈಗೆ ಬಂದ ಆದಾಯದ ಮೇಲೆ. ವೆಚ್ಚವನ್ನೆಲ್ಲ ಕಳೆಯದೆ, ಖಾತೆಗೆ ಬಂದು ಅದೇ ದಿನ ಹಾಲಿನವರಿಗೆ ಹೋದ ಹಣವನ್ನೂ ಸೇರಿಸಿ ಯಾವ ಗುಮಾಸ್ತರಿಗೂ ತೆರಿಗೆ ಹಾಕುವುದಿಲ್ಲ. ನಾನು ಕೇಳುತ್ತಿರುವುದು ವಿನಾಯಿತಿಯನ್ನಲ್ಲ. ತೆರಿಗೆಯ ಗಡಿ, ರೂಪ, ವಸೂಲಿಯ ಕ್ರಮ ನಿರ್ಧಾರವಾಗುವಾಗ ಕೊಡುವವರ ಮಾತಿಗೂ ಒಂದು ಸ್ಥಾನವಿರಲಿ ಎಂದು.

ಎರಡನೆಯದು: ‘ಗೊತ್ತಿರಲಿಲ್ಲ ಎನ್ನುವುದು ನೆಪ, ಕಾನೂನು ತಿಳಿದಿರಬೇಕು.’ ತಿಳಿದಿರಬೇಕು ನಿಜ. ಆದರೆ ತಿಳಿಸುವ ಹೊಣೆ ಯಾರದು? ನೋಟೀಸು ಕೊಟ್ಟು ಗಲಾಟೆಯಾದ ಮೇಲೆ ಇಲಾಖೆ ಜಿಎಸ್‌ಟಿ ತಿಳಿಯಿರಿ ಎಂದು ಜಾಗೃತಿ ಕಾರ್ಯಕ್ರಮ ಮಾಡಿತು, ಸಹಾಯವಾಣಿ ಪ್ರಚಾರ ಮಾಡಿತು. 2021-22ರಲ್ಲಿ ಗಡಿ ದಾಟಿದವರಿಗೆ 2022ರಲ್ಲೇ ಒಂದು ಎಚ್ಚರಿಕೆಯ ಪತ್ರ ಬಂದಿದ್ದರೆ ಮುಂದಿನ ಮೂರು ವರ್ಷದ ಬಾಕಿ ಬೆಳೆಯುತ್ತಲೇ ಇರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಪಾಠ ಮಾಡುವ ಮೇಷ್ಟ್ರನ್ನು ನೀವು ಏನೆನ್ನುತ್ತೀರಿ?

ಮೂರನೆಯದು: ‘ಎಲ್ಲರನ್ನೂ ಕೇಳುತ್ತ ಕೂತರೆ ಕಾನೂನು ಮಾಡುವುದು ಯಾವಾಗ?’ ಇದಕ್ಕೆ ಉತ್ತರ ನಮ್ಮ ವಿಧಾನಮಂಡಲದಲ್ಲೇ ಇದೆ. ಗ್ರೇಟರ್ ಬೆಂಗಳೂರು ಆಡಳಿತ ಮಸೂದೆಯನ್ನು 2024ರಲ್ಲಿ ಉಭಯ ಸದನಗಳ ಜಂಟಿ ಸಮಿತಿಗೆ ಒಪ್ಪಿಸಿದರು. ಶಾಸಕ ರಿಜ್ವಾನ್ ಅರ್ಷದ್ ಅಧ್ಯಕ್ಷತೆಯ ಸಮಿತಿ ನಾಗರಿಕರ ಅಭಿಪ್ರಾಯ ಕೇಳಿತು. 2025ರ ಮಾರ್ಚಿನಲ್ಲಿ ಮಸೂದೆ ಅಂಗೀಕಾರವಾಯಿತು. ಆ ಕಾನೂನು ಎಲ್ಲರಿಗೂ ಹಿಡಿಸಿತು ಎಂದಲ್ಲ. ಆದರೆ ಕೇಳಿದ್ದರಿಂದ ಆಕಾಶ ಬೀಳಲಿಲ್ಲ, ಕೆಲವು ತಿಂಗಳು ಹಿಡಿಯಿತು, ಅಷ್ಟೆ. ಬೀದಿ ವ್ಯಾಪಾರಿಗಳ 2014ರ ಕಾಯಿದೆಯಂತೂ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ವ್ಯಾಪಾರಿಗಳಿಗೇ, ಅದರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಎಂದು ಹೇಳುತ್ತದೆ. ತಳ್ಳುಗಾಡಿಯವರನ್ನು ಸಮಿತಿಯಲ್ಲಿ ಕೂರಿಸುವ ಕಲ್ಪನೆ ಕಾನೂನಿಗೆ ಸಾಧ್ಯವಾಗಿದೆ. ನಾಲ್ಕು ಗೋಡೆಯ ಅಂಗಡಿಯವರ ವಿಷಯದಲ್ಲಿ ಏಕಾಗಬಾರದು?

ಹಾಗಾದರೆ ಮುಖ್ಯಮಂತ್ರಿಗಳು ಕರೆದು ಮಾತಾಡಿ ಬಾಕಿ ಬಿಟ್ಟುಕೊಟ್ಟರಲ್ಲ, ಇನ್ನೇನು ಬೇಕು? ಆ ಪರಿಹಾರದ ಬಗ್ಗೆಯೇ ನನ್ನ ದೊಡ್ಡ ತಕರಾರು. ಅದು ಹಕ್ಕಲ್ಲ, ದಯೆ. ಕೊಟ್ಟ ಕೈ ನಾಳೆ ಹಿಂದಕ್ಕೆ ಪಡೆಯಬಹುದು. ಕಾನೂನಿನ ಒಂದು ಅಕ್ಷರವೂ ಆ ಸಭೆಯಲ್ಲಿ ಬದಲಾಗಲಿಲ್ಲ. ಹಾಲಿನ ವಹಿವಾಟು ಸೇರಿಸಿ ಎಣಿಸುವ ವ್ಯಾಖ್ಯೆ ಹಾಗೇ ಇದೆ, ಹಿಂದಿನ ವರ್ಷಗಳಿಗೆ ರಾಜಿ ಪದ್ಧತಿಯ ಬಾಗಿಲು ಮುಚ್ಚಿಯೇ ಇದೆ. ಅದೇ ರಸ್ತೆಯಲ್ಲಿ ಮೊದಲೇ ನೋಂದಣಿ ಮಾಡಿಸಿ, ಅಕೌಂಟೆಂಟರಿಗೆ ತಿಂಗಳು ತಿಂಗಳು ದುಡ್ಡು ಕೊಟ್ಟು, ತೆರಿಗೆ ಕಟ್ಟುತ್ತ ಬಂದ ಬೇಕರಿಯವರು ಈಗ ಏನೆಂದುಕೊಳ್ಳಬೇಕು? ಪ್ರಾಮಾಣಿಕನಾಗಿದ್ದದ್ದು ದಡ್ಡತನ ಎಂದೇ? ಅಂಗಡಿಯವರೆಲ್ಲ ಕಲಿತ ಪಾಠ ಒಂದೇ: ವಿಧಾನಸೌಧಕ್ಕೆ ಕೇಳಿಸುವುದು ಷಟರ್ ಎಳೆಯುವ ಸದ್ದು ಮಾತ್ರ. ಮಾತಾಡಿದರೆ ಕೇಳಿಸುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿರುವ ವ್ಯವಸ್ಥೆಗೆ ಇದಕ್ಕಿಂತ ಕೆಟ್ಟ ಪಾಠ ಇಲ್ಲ.

ಆಗಬೇಕಾದ್ದು ಮೂರು ಕೆಲಸ. ಒಂದು, ತೆರಿಗೆ, ಪರವಾನಗಿ, ದಂಡಕ್ಕೆ ಸಂಬಂಧಿಸಿದ ಮಸೂದೆಗಳು ಸಣ್ಣ ವ್ಯಾಪಾರವನ್ನು ಮುಟ್ಟುವುದಾದರೆ ಕಡ್ಡಾಯವಾಗಿ ಸದನ ಸಮಿತಿಗೆ ಹೋಗಲಿ. ಆ ಸಮಿತಿ ವಿಧಾನಸೌಧದ ಕೊಠಡಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಕೂರುವುದು ಬೇಡ. ಅಂಗಡಿಯಲ್ಲಿ ಗಿರಾಕಿ ಕಡಿಮೆ ಇರುವ ಮಧ್ಯಾಹ್ನದ ಹೊತ್ತಿನಲ್ಲಿ ವಿಜಯನಗರದಲ್ಲೋ ಹಾವೇರಿಯಲ್ಲೋ ಒಂದು ಸಮುದಾಯ ಭವನದಲ್ಲಿ ಕೂರಲಿ. ಕರಡಿನ ಸಾರ ಎರಡು ಪುಟದ ಸರಳ ಕನ್ನಡದಲ್ಲಿ ಮೊದಲೇ ಸಿಗಲಿ.

ಎರಡು, ಜಿಎಸ್‌ಟಿ ಮಂಡಳಿಗೆ ಹೋಗುವ ನಮ್ಮ ರಾಜ್ಯದ ಪ್ರತಿನಿಧಿ, 2025ರಲ್ಲಿ ಅದು ಸಚಿವ ಕೃಷ್ಣ ಬೈರೇಗೌಡರು, ಹೋಗುವ ಮುನ್ನ ಇಲ್ಲಿ ಬಹಿರಂಗ ಸಭೆ ಕರೆದು ಕೇಳಿ ಹೋಗಲಿ, ಬಂದ ಮೇಲೆ ಅಲ್ಲಿ ಏನು ಮಾತಾಡಿದೆ ಎಂದು ಸದನಕ್ಕೆ ವರದಿ ಒಪ್ಪಿಸಲಿ. ರಂಗಾಚಾರ್ಲು ಮಾಡಿದ್ದೂ ಇಷ್ಟನ್ನೇ. ಮಂಡಳಿಯ ಶಿಫಾರಸು ಶಾಸನಸಭೆಗಳನ್ನು ಕಟ್ಟಿಹಾಕುವುದಿಲ್ಲ, ಅದಕ್ಕೆ ಮನವೊಲಿಸುವ ಬೆಲೆ ಮಾತ್ರ ಎಂದು ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ಮೋಹಿತ್ ಮಿನರಲ್ಸ್ ಪ್ರಕರಣದಲ್ಲಿ ಹೇಳಿದೆ. ಕೈ ಕಟ್ಟಿದೆ ಎಂದು ನಮ್ಮ ಶಾಸಕರು ಹೇಳುವಂತಿಲ್ಲ.

ಮೂರು, ಮೊದಲ ವರ್ಷ ಗಡಿ ದಾಟಿದವರಿಗೆ ದಂಡದ ನೋಟೀಸಲ್ಲ, ತಿಳಿವಳಿಕೆ ಪತ್ರ ಹೋಗಲಿ. ಆ ವರ್ಷಕ್ಕೆ ರಾಜಿ ದರದಲ್ಲೇ ತೆರಿಗೆ ಕಟ್ಟುವ ಅವಕಾಶ ಕಾನೂನಿನಲ್ಲೇ ಬರಲಿ. ಇದು ಮುಖ್ಯಮಂತ್ರಿಯ ಕೃಪೆಯಾಗಿ ಉಳಿಯಬಾರದು.

ಇದನ್ನು ಓದುವ ನಿಮ್ಮಲ್ಲಿ ಅನೇಕರು ವಿದ್ಯಾರ್ಥಿಗಳು. ಇದು ವ್ಯಾಪಾರದ ವಿಷಯ, ಸಾಹಿತ್ಯ ಪತ್ರಿಕೆಯಲ್ಲೇಕೆ ಎಂದು ಅನ್ನಿಸಿರಬಹುದು. ಯಾರ ಮಾತು ಭಾಷೆಯಾಗಿ ದಾಖಲಾಗುತ್ತದೆ, ಯಾರದ್ದು ಬರೀ ಗಲಾಟೆಯಾಗಿ ಉಳಿಯುತ್ತದೆ ಎಂಬ ಪ್ರಶ್ನೆ ಸಾಹಿತ್ಯದ್ದೂ ಹೌದು. ಶಾಸನಸಭೆಯ ಕಡತಗಳಲ್ಲಿ ದೊಡ್ಡ ಸಂಸ್ಥೆಗಳ ಮನವಿಪತ್ರಗಳಿವೆ. ಪಿಜಿಯ ಹುಡುಗರಿಗೆ ತಿಂಗಳ ಕೊನೆಯಲ್ಲಿ ಸಾಲ ಬರೆದುಕೊಂಡು ಟೀ ಕೊಟ್ಟವರ ಒಂದು ವಾಕ್ಯವೂ ಅಲ್ಲಿ ಇಲ್ಲ.

ಕೆಲವು ತಿಂಗಳಾದ ಮೇಲೆ ಆ ಕಾಂಡಿಮೆಂಟ್ಸ್ ಅಂಗಡಿಗೆ ಹೋದೆ. ಕ್ಯೂಆರ್ ಕೋಡ್ ಮತ್ತೆ ಬಂದಿದೆ. ಕ್ಯಾಶ್ ಮಾತ್ರ ಎಂದರೆ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುತ್ತಾರಂತೆ. ನೋಂದಣಿ ಮಾಡಿಸಬೇಕೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ. ಗೊತ್ತಿರುವವರೊಬ್ಬರು ಮನೆಯವರ ಹೆಸರಲ್ಲಿ ಇನ್ನೊಂದು ಸ್ಕ್ಯಾನರ್ ಇಟ್ಟರೆ ವಹಿವಾಟು ಎರಡು ಭಾಗವಾಗುತ್ತದೆ ಎಂದು ಸಲಹೆ ಕೊಟ್ಟಿದ್ದಾರಂತೆ.

‘ಹಾಗೆ ಮಾಡಬೇಡಿ ಅಣ್ಣ, ತಪ್ಪು ಅದು’ ಎಂದೆ.

‘ತಪ್ಪು ಅಂತ ನಂಗೂ ಗೊತ್ತು ಸಾರ್,’ ಎಂದು ಲೋಟ ತೊಳೆಯುತ್ತ ಹೇಳಿದರು. ‘ಸರಿ ಯಾವುದು ಅಂತ ಕೂತ್ಕೊಂಡು ಹೇಳೋರು ಯಾರಾದ್ರೂ ಬರ್ತಾರಾ ಅಂತ ಕಾಯ್ತಿದೀನಿ.’